ಡಿಟಿ-830ಡಿ: ಹಳದಿ ಮೀಟರ್ ಹೇಳಿದ್ದರಲ್ಲಿ ಎಷ್ಟು ನಂಬಬಹುದು?

ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 'ಒಂದು ಮಲ್ಟಿಮೀಟರ್ (ವೋಲ್ಟ್, ಆಂಪಿಯರ್, ಓಮ್ ಅಳೆಯುವ ಸಾಧನ) ಕೊಡಿ' ಅಂದರೆ ಸಾಮಾನ್ಯವಾಗಿ ಮೊದಲು ಕೌಂಟರ್ ಮೇಲೆ ಬರುವುದು ಇದೇ. ಹಳದಿ ಇಲ್ಲವೇ ಕಪ್ಪು ಮೈ, ನಡುವೆ ದೊಡ್ಡ ನಾಬು, 1999ರವರೆಗೆ ಎಣಿಸುವ ಡಿಸ್‌ಪ್ಲೇ, ಮೂರು ಸಾಕೆಟ್, ಹೊಟ್ಟೆಯೊಳಗೆ 9 ವೋಲ್ಟ್‌ನ ಬ್ಯಾಟರಿ. ಡಿಟಿ-830ಡಿ ಅನ್ನುವುದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಇದೇ ನಂಬರು ಹಾಕಿಕೊಂಡು ಹತ್ತಾರು ಹೆಸರಿನಲ್ಲಿ ಬರುತ್ತದೆ, ಒಳಗಿನ ಕೆಲಸದ ಗುಣಮಟ್ಟ ಪೀಸಿನಿಂದ ಪೀಸಿಗೆ ಬೇರೆ. ಇನ್ನೂರು ರೂಪಾಯಿ ಆಸುಪಾಸಿನ ಈ ಮೀಟರ್ ಬ್ಯಾಟರಿ, ಅಡಾಪ್ಟರ್, ಸರ್ಕ್ಯೂಟ್ ಬೋರ್ಡ್‌ಗಳಿಗೆ ಕೊಟ್ಟ ಕಾಸಿಗೆ ಮೋಸ ಮಾಡುವುದಿಲ್ಲ. ಮನೆಯ ಮೇನ್ ಬೋರ್ಡಿಗೆ ಮಾತ್ರ ಇದನ್ನು ಒಯ್ಯಬೇಡಿ.

ಡಿಸಿ, ಅಂದರೆ ಬ್ಯಾಟರಿ ಕೊಡುವಂಥ ಒಂದೇ ದಿಕ್ಕಿನ ವೋಲ್ಟೇಜ್ ಇದರ ಗಟ್ಟಿ ವಿಷಯ. ಕೈಪಿಡಿಯಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ ±0.5%, ಜೊತೆಗೆ ಕೊನೆಯ ಅಂಕಿಯಲ್ಲಿ 2ರಷ್ಟು ಆಚೀಚೆ. ಅಂದರೆ 20 ವೋಲ್ಟ್ ರೇಂಜಿನಲ್ಲಿ (20ರವರೆಗೆ ಅಳೆಯುವ ನಾಬಿನ ಜಾಗ) 12.60 ಕಂಡರೆ ನಿಜ ಸಂಖ್ಯೆ 12.52ರಿಂದ 12.68ರ ಒಳಗಿರುತ್ತದೆ. ಕಾರಿನ ಬ್ಯಾಟರಿ ನೋಡಲು ಇಷ್ಟು ಧಾರಾಳ. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.9ಕ್ಕಿಂತ ಇಳಿದರೆ ಖಾಲಿ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ಬಾರದಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಅದನ್ನು ತುಂಬಿಸುವ ಆಲ್ಟರ್ನೇಟರ್ ಕಡೆ ನೋಡಿ. ರಿಮೋಟಿನ ಸೆಲ್ಲನ್ನು ಸುಮ್ಮನೆ ಅಳೆದರೆ ಸುಸ್ತಾದ ಸೆಲ್ಲೂ 1.4 ತೋರಿಸಿ ಏಮಾರಿಸುತ್ತದೆ. 10 ಓಮ್‌ನ ಒಂದು ರೆಸಿಸ್ಟರನ್ನು ಸೆಲ್ಲಿನ ಎರಡು ತುದಿಗೆ ಕೊಟ್ಟು, ಅದು ಹಾಗೇ ಇರುವಾಗ ಅಳೆಯಿರಿ. ಆಗ 1.2ಕ್ಕಿಂತ ಕೆಳಗೆ ಜಾರಿದರೆ ಸೆಲ್ ಮುಗಿದಿದೆ.

ಈ ಮೀಟರಿನ ದೊಡ್ಡ ಕಳ್ಳತನ ಅದರ ಸ್ವಂತ ಬ್ಯಾಟರಿಯಲ್ಲಿದೆ. 9 ವೋಲ್ಟ್‌ನ ಬ್ಯಾಟರಿ ಸೊರಗಿದಾಗ ರೀಡಿಂಗ್ ಇಳಿಯುವುದಿಲ್ಲ, ಏರುತ್ತದೆ! ಮೀಟರ್ ಹೋಲಿಸಿ ಅಳೆಯಲು ಬಳಸುವ ಒಳಗಿನ ರೆಫರೆನ್ಸ್ ವೋಲ್ಟೇಜ್ ಕುಸಿಯುವುದರಿಂದ ಅಳೆಯುವ ವಸ್ತು ದೊಡ್ಡದಾಗಿ ಕಾಣುತ್ತದೆ. ಹೊಸ 1.5ರ ಸೆಲ್ 1.8 ತೋರಿಸಿದರೆ ಸೆಲ್ ವಿಶೇಷವಾಗಿದೆ ಅಂದುಕೊಳ್ಳಬೇಡಿ, ಮೀಟರಿನ ಬ್ಯಾಟರಿ ಬದಲಿಸಿ. ತಾನಾಗಿ ಆಫ್ ಆಗುವ ವ್ಯವಸ್ಥೆ ಇಲ್ಲದ್ದರಿಂದ ನಾಬು ಆಫ್‌ಗೆ ತಿರುಗಿಸಲು ಮರೆತರೆ ಈ ಪರಿಸ್ಥಿತಿ ಬೇಗ ಬರುತ್ತದೆ. ಬದಲಿಸಲು ಹಿಂದಿನ ಸ್ಕ್ರೂ ಬಿಚ್ಚಬೇಕು. ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಸ್ಕ್ರೂ ನಾಲ್ಕು ಸಲ ಬಿಚ್ಚಿದರೆ ಸಡಿಲ.

ಎಸಿ ಕಡೆ ಕಥೆ ಬೇರೆ. ಇರುವುದು 200 ಮತ್ತು 750 ಎರಡೇ ರೇಂಜು, ಹಾಗಾಗಿ ಮನೆಯ 230 ವೋಲ್ಟಿಗೆ 750 ಬಿಟ್ಟು ಗತಿಯಿಲ್ಲ. ಅಲ್ಲಿ ಕೈಪಿಡಿ ಹೇಳುವುದು ±1.2% ಮತ್ತು 10 ಅಂಕಿ. ಈ ರೇಂಜಿನಲ್ಲಿ ಒಂದು ಅಂಕಿ ಅಂದರೆ ಒಂದು ವೋಲ್ಟ್, ಎಲ್ಲ ಕೂಡಿದರೆ ಸುಮಾರು 13 ವೋಲ್ಟ್ ಹೆಚ್ಚುಕಮ್ಮಿ. 230 ಇರುವ ಕಡೆ 217 ತೋರಿಸಿದರೂ 243 ತೋರಿಸಿದರೂ ಮೀಟರ್ ತನ್ನ ಮಾತಿಗೆ ತಪ್ಪಿಲ್ಲ! ಕರೆಂಟ್ ಇದೆಯೋ ಇಲ್ಲವೋ ತಿಳಿಯಲು ಸಾಕು, ಸ್ಟೆಬಿಲೈಜರ್ ಸೆಟ್ ಮಾಡಲು ಸಾಲದು. ಇನ್ನೊಂದು ತೊಡಕು: ಒಳಗಿರುವುದು ಒಂದು ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಅರ್ಧ ಅಲೆಯ ಲೆಕ್ಕ, ಅದೂ ಶುದ್ಧ ಸೈನ್ ಅಲೆಗೆ ಹೊಂದಿಸಿದ್ದು. ಸ್ಕ್ವೇರ್ ವೇವ್ ಇನ್ವರ್ಟರ್ 220 ಕೊಡುತ್ತಿದ್ದರೆ ಇದು 244ರ ಹತ್ತಿರ ಹೇಳುತ್ತದೆ. ನಾಬನ್ನು ತಪ್ಪಿ ಎಸಿ 200ಕ್ಕೆ ಇಟ್ಟು ಕಾರಿನ ಬ್ಯಾಟರಿ ಮುಟ್ಟಿದರೆ 26–28 ಬರುತ್ತದೆ, ಪ್ರೋಬ್‌ಗಳನ್ನು (ಮೀಟರಿನ ಕೆಂಪು, ಕಪ್ಪು ಕಡ್ಡಿಗಳು) ಅದಲುಬದಲು ಮಾಡಿದರೆ ಸೊನ್ನೆ. ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತರುವವರು ಮೊದಲು ನಾಬು ಎಲ್ಲಿದೆ ನೋಡಿಕೊಳ್ಳಲಿ.

ಓಮ್ ರೇಂಜಿಗೆ ಮನೆಯಲ್ಲಿ ಒಳ್ಳೆಯ ಉಪಯೋಗ ಗೀಸರ್. 2000 ವಾಟ್‌ನ ಕಾಯಿಲ್ 230 ವೋಲ್ಟಿಗೆ ಎಷ್ಟಿರಬೇಕು? 230ನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿ: 26 ಓಮ್ ಚಿಲ್ಲರೆ. 3000 ವಾಟ್‌ನದಾದರೆ 17.6. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಕಾಯಿಲ್‌ನ ಎರಡೂ ವೈರು ಬಿಚ್ಚಿ. ನಾಬು 200 ಓಮ್‌ಗೆ. ಮೊದಲು ಎರಡು ಪ್ರೋಬ್‌ಗಳನ್ನೇ ಒಂದಕ್ಕೊಂದು ಮುಟ್ಟಿಸಿ, ಅರ್ಧ ಓಮ್ ಬಂದರೆ ಅದು ವೈರಿನದು, ಕಳೆಯಿರಿ. ಕಾಯಿಲ್‌ಗೆ ಹಿಡಿದಾಗ 26ರ ಸುತ್ತ ಬಂದರೆ ಸರಿ, ಎಡಗಡೆ ಬರೀ 1 ನಿಂತರೆ (ಅಳತೆ ರೇಂಜು ಮೀರಿದೆ ಅಂತ ಅರ್ಥ) ಕಾಯಿಲ್ ತುಂಡಾಗಿದೆ. ಆಮೇಲೆ 2000ಕೆ ರೇಂಜಿನಲ್ಲಿ ಒಂದು ಪ್ರೋಬ್ ಕಾಯಿಲ್ ತುದಿಗೆ, ಇನ್ನೊಂದು ಗೀಸರಿನ ಲೋಹದ ಮೈಗೆ. ಬೆರಳು ಪ್ರೋಬ್‌ನ ಲೋಹದ ತುದಿಗಳಿಗೆ ತಾಗಬಾರದು, ತಾಗಿದರೆ ನಿಮ್ಮ ಮೈಯ ರೀಡಿಂಗ್ ಬರುತ್ತದೆ. ಇಲ್ಲಿ 1 ಬಿಟ್ಟು ಬೇರೆ ಸಂಖ್ಯೆ ಬಂದರೆ ಕಾಯಿಲ್ ಮೈಗೆ ಲೀಕ್ ಆಗುತ್ತಿದೆ, ಆ ಗೀಸರ್ ಬಳಸಬೇಡಿ. 1 ಬಂದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟ್‌ನಲ್ಲಿ, ಇನ್ಸುಲೇಶನ್ ನಿಜಕ್ಕೂ ತಿಳಿಯಲು 500 ವೋಲ್ಟ್ ಕೊಟ್ಟು ಪರೀಕ್ಷಿಸುವ ಮೆಗ್ಗರ್ ಎಂಬ ಸಾಧನ ಬೇಕು. ತುದಿಗಳ ನಡುವೆ ದಾರಿ ಕೂಡಿದ್ದರೆ ಕೂಗುವ ಬೀಪ್ ರೇಂಜಿನಲ್ಲಿ ಕಾಯಿಲ್ ನೋಡುವ ಸೋಮಾರಿತನ ಬೇಡ. ಎಷ್ಟೋ ಪೀಸುಗಳು 26 ಓಮ್‌ಗೂ ಕೂಗುತ್ತವೆ, ಒಳ್ಳೆಯ ಕಾಯಿಲ್ ಶಾರ್ಟ್ ಆಗಿದೆ ಅಂತ ಎಸೆಯುವುದು ಹೀಗೇ.

ಈಗ ಆ ಮೂರನೇ ಸಾಕೆಟ್. 10 ಆಂಪಿಯರ್‌ನ ತೂತಿಗೆ ಹೆಚ್ಚಿನ ಪೀಸುಗಳಲ್ಲಿ ಫ್ಯೂಸೇ ಇಲ್ಲ, ಒಳಗೆ ದಪ್ಪ ತಂತಿಯ ಒಂದು ತುಂಡು ಅಷ್ಟೇ. ಡಿಸಿ ಆಂಪಿಯರ್ ಅಳೆದು, ಕೆಂಪು ಪ್ರೋಬನ್ನು ಅಲ್ಲೇ ಮರೆತು, ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಅದು ಫೇಸು–ನ್ಯೂಟ್ರಲ್ ನೇರ ಶಾರ್ಟ್. ನಾಬು ಎಲ್ಲಿದೆ ಅನ್ನುವುದು ಆಗ ಲೆಕ್ಕಕ್ಕೇ ಬರುವುದಿಲ್ಲ. ಕೂದಲಿನಂಥ ಎಳೆಗಳ ಪ್ರೋಬ್ ವೈರು ಕೈಯಲ್ಲೇ ಸುಟ್ಟುಹೋಗುತ್ತದೆ. 10 ಆಂಪಿಯರನ್ನೂ ಹತ್ತು ಸೆಕೆಂಡಿಗಿಂತ ಹೆಚ್ಚು ಹರಿಸಬಾರದು. ಎಸಿ ಆಂಪಿಯರ್ ರೇಂಜು ಇದರಲ್ಲಿ ಇಲ್ಲವೇ ಇಲ್ಲ, ಫ್ರಿಜ್ ಎಷ್ಟು ಎಳೆಯುತ್ತದೆ ನೋಡಲು ವೈರನ್ನು ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಮಿಲಿ ಆಂಪಿಯರ್ ರೇಂಜುಗಳೆಲ್ಲ ಸೊನ್ನೆಯಲ್ಲೇ ನಿಂತಿದ್ದರೆ ಒಳಗಿನ ಸಣ್ಣ ಗಾಜಿನ ಫ್ಯೂಸ್ ಹೋಗಿರುತ್ತದೆ. ಬರೆದಿರುವ ಆಂಪಿಯರಿನದ್ದನ್ನೇ ಹಾಕಿ, ತಂತಿ ಸುತ್ತಿ ಜುಗಾಡ್ ಮಾಡಬೇಡಿ.

ಮೈಮೇಲೆ 1000 ವೋಲ್ಟ್ ಅಂತ ಅಚ್ಚು ಹಾಕಿದ್ದನ್ನು ನಂಬಿ ಮನೆಯ ಕರೆಂಟ್ ಮೀಟರಿನ ಬೋರ್ಡಿಗೆ ಕೈ ಹಾಕಬಾರದು. ದಿನವೂ ಮನೆ ವೈರಿಂಗ್ ಮುಟ್ಟುವವರು ಕ್ಯಾಟ್ 3 (ವೈರಿಂಗಿನ ವೋಲ್ಟೇಜ್ ಹೊಡೆತ ತಾಳುವ ಸುರಕ್ಷತಾ ದರ್ಜೆ), 600 ವೋಲ್ಟ್ ಗುರುತಿನ, ಎರಡೂ ಆಂಪಿಯರ್ ಸಾಕೆಟ್‌ಗೆ ಸೆರಾಮಿಕ್ ಫ್ಯೂಸ್ ಇರುವ ಮೀಟರ್ ಕೊಳ್ಳಲಿ. ಫ್ಲೂಕ್ 17ಬಿ ಪ್ಲಸ್ ಆ ದರ್ಜೆಯದು, ಬೆಲೆ ಇದರ ಹಲವು ಪಟ್ಟು. ನಾಸಿಕ್‌ನ ಮೋಟ್ವಾನೆ, ರಿಷಭ್ ಕಂಪನಿಗಳ ಮೀಟರ್‌ಗಳನ್ನೂ ವಿಚಾರಿಸಿ, ಆದರೆ ಮಾಡೆಲ್‌ನ ಕ್ಯಾಟ್ ಗುರುತು ಓದಿಯೇ ದುಡ್ಡು ಕೊಡಿ.

ಹಳದಿ ಮೀಟರನ್ನೇ ಕೊಳ್ಳುವುದಾದರೆ ಜೇಬಿನಲ್ಲಿ ಒಂದು ಹೊಸ ಸೆಲ್ ಇರಲಿ. ಕೌಂಟರ್ ಮೇಲೇ ಅಳೆದು 1.55ರಿಂದ 1.62 ಬರುತ್ತದೋ ನೋಡಿ. ನಾಬನ್ನು ಎರಡು ಸುತ್ತು ತಿರುಗಿಸಿ, ಅಂಕಿ ಮಧ್ಯೆ ಮಾಯವಾದರೆ ಬೇರೆ ಪೀಸ್ ಕೇಳಿ. ಪ್ರೋಬ್‌ಗಳನ್ನು ಒಂದಕ್ಕೊಂದು ಒತ್ತಿ, ಬುಡದಲ್ಲಿ ವೈರು ಅಲ್ಲಾಡಿಸಿ: 200 ಓಮ್ ರೇಂಜಿನಲ್ಲಿ ಅಂಕಿ ಕುಣಿದರೆ ಒಳಗೆ ಎಳೆ ಆಗಲೇ ಮುರಿದಿದೆ. ಸಾಧ್ಯವಾದರೆ ದಪ್ಪ ಸಿಲಿಕಾನ್ ವೈರಿನ ಬೇರೆ ಜೋಡಿ ಪ್ರೋಬ್ ಜೊತೆಗೇ ತನ್ನಿ.