ಕೊಡಗಿನ ಇರಚಲು ಮಳೆಯಲ್ಲಿ ಕಿಟ್ ಮನೆ: ಮೂರು ಮಳೆಗಾಲದ ಅನುಭವ

ನಾಪೋಕ್ಲು ಸಮೀಪದ ನಮ್ಮ ತೋಟದಲ್ಲಿ ಕಿಟ್‌ನಿಂದ, ಅಂದರೆ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಬಿಡಿಭಾಗಗಳಿಂದ, ಜೋಡಿಸಿದ ಮನೆಯಲ್ಲಿ ಮೂರು ಮಳೆಗಾಲ ಕಳೆದಿದ್ದೇವೆ. ಉಕ್ಕಿನ ಚೌಕಟ್ಟು, ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆ) ಗೋಡೆ, ಬಣ್ಣದ ಶೀಟು ಮುಂತಾದ ವಿವರಗಳು ಮಾರಾಟಗಾರರ ಪಟ್ಟಿಯಲ್ಲೇ ಸಿಗುವುದರಿಂದ, ಅಲ್ಲಿ ಯಾರೂ ಎತ್ತಿ ಹೇಳದ ಸೂರಿನ, ಅಂದರೆ ಗೋಡೆಯಿಂದಾಚೆಗೆ ಚಾಚುವ ಚಾವಣಿಯಂಚಿನ, ವಿಷಯವನ್ನು ಬರೆಯುತ್ತೇನೆ.

ಕಿಟ್‌ನೊಂದಿಗೆ ಬಂದ ಚಾವಣಿ ಗೋಡೆಯಿಂದ ಒಂದಡಿಯಷ್ಟೇ ಹೊರಚಾಚಿತ್ತು. ಬಯಲುಸೀಮೆಗೆ ಅಷ್ಟು ಸಾಕಾಗಬಹುದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಗೆ ಇರಚಲು ಹೊಡೆಯುವ ನಮ್ಮ ಕಡೆಗೆ ಅದು ಏನೇನೂ ಸಾಲದು. ಮೊದಲ ಕಕ್ಕಡದಲ್ಲೇ (ಜುಲೈ-ಆಗಸ್ಟ್ ನಡುವಿನ, ಮಳೆ ಜೋರಾಗಿರುವ ಕೊಡವ ತಿಂಗಳು) ಪಶ್ಚಿಮದ ಗೋಡೆ ಹಗಲಿರುಳು ನೆನೆದು, ಪ್ಯಾನೆಲ್ ಸಂದಿಗಳ ಸಿಲಿಕಾನ್ ಅಲ್ಲಲ್ಲಿ ಬಿಟ್ಟುಕೊಂಡು ನೀರು ಒಳಗಿಳಿಯಿತು. ಚಾವಣಿಯಿಂದ ಬಿದ್ದ ನೀರು ನೆಲಕ್ಕೆ ಅಪ್ಪಳಿಸಿ ಸಿಡಿಯುತ್ತಿದ್ದುದರಿಂದ ಗೋಡೆಯ ತಳದ ಚಾನಲ್‌ನಲ್ಲಿ ಕೆಸರು ನಿಂತಿತು. ಜೋಡಿಸುವಾಗ ಗ್ರೈಂಡರ್ ಹಿಡಿದು ಕತ್ತರಿಸಿದ ಅಂಚುಗಳಲ್ಲಿ ಸತುವಿನ ಲೇಪ ಸುಟ್ಟುಹೋಗಿತ್ತು. ತುಕ್ಕು ಅಲ್ಲಿಂದಲೇ ಹಿಡಿಯಿತು. ದೂರು ಕೊಟ್ಟಾಗ ಕಂಪನಿಯವರು ಸಂದಿಗೆ ಮತ್ತೆ ಸಿಲಿಕಾನ್ ತುಂಬಿಕೊಡುತ್ತೇವೆ ಎಂದರೇ ಹೊರತು ಸೂರಿನ ಮಾತೆತ್ತಲಿಲ್ಲ. ಮಲೆನಾಡಿಗೆ ಮನೆ ಮಾರುವವರು ಈ ಒಂದು ಅಳತೆಯನ್ನು ಬದಲಿಸದಿರುವುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ನಮ್ಮ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆ) ಗೋಡೆಗಳು ಇಷ್ಟು ತಲೆಮಾರು ಬಾಳಿರುವುದರಲ್ಲಿ ಮುಂಭಾಗದ ಅಗಲವಾದ ಜಗಲಿಯಾದ ಕೈಯಾಲೆಯ ಪಾಲು ದೊಡ್ಡದು.

ಇನ್ನೊಂದು ತೊಂದರೆ ಮನೆಯೊಳಗೆ ಹಬೆ ತಣಿದು ನೀರಾಗುವ ಬೆವರು. ಹೆಂಚಿನ ಮನೆಯಲ್ಲಿ ಹಬೆ ಹೆಂಚಿನ ಸಂದಿಯಿಂದ ಹೊರಹೋಗುತ್ತದೆ, ಪ್ಯಾನೆಲ್ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಹಬೆಯಲ್ಲಿ ಬೇಯುವ ಅಕ್ಕಿಯ ಉಂಡೆ ಕಡಂಬುಟ್ಟು ಬೇಯಿಸಿದ ದಿನ ಕಿಟಕಿಯ ಚೌಕಟ್ಟಿನಿಂದ ನೀರಿಳಿಯುತ್ತಿತ್ತು; ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಕಡಿಮೆಯಾಗಿದೆ. ಪಫ್ ಬೆಂಕಿಗೆ ಸಿಕ್ಕರೆ ವಿಷಕಾರಿ ಹೊಗೆ ಬರುತ್ತದೆ. ಆದ್ದರಿಂದ ಹಂಡೆ ಒಲೆಯನ್ನು ಮನೆಯಿಂದ ದೂರ, ಕಲ್ಲಿನ ಬಚ್ಚಲುಮನೆಯಲ್ಲೇ ಉಳಿಸಿಕೊಂಡಿದ್ದೇವೆ.

ಎರಡನೆಯ ಬೇಸಿಗೆಯಲ್ಲಿ ಕರಿಮೆಣಸು ಮಾರಿದ ಹಣದಿಂದ ಪಶ್ಚಿಮ ಮತ್ತು ದಕ್ಷಿಣಕ್ಕೆ ಆರಡಿ ಅಗಲದ ಜಗಲಿ ಇಳಿಸಿದೆವು. ಪೈಪಿನ ಕಂಬಗಳಿಗೆ ಪ್ರತ್ಯೇಕ ಅಡಿಪಾಯ ಹಾಕಿಸಿ, ತುಕ್ಕು ಉಜ್ಜಿ ತೆಗೆದು ಸತುವಿನ ಬಣ್ಣ ಬಳಿಸಿ, ಕೆಳಗೆ ಜಲ್ಲಿ ಹರಡಿದೆವು. ಅಂದಿನಿಂದ ಆ ಎರಡು ಗೋಡೆಗಳು ಸೋರಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ದಿನಚರಿಯೇ ಜಗಲಿಗೆ ಬಂದುಬಿಟ್ಟಿದೆ. ಸಂಜೆ ತೋಟದಿಂದ ಬಂದವರು ಅಲ್ಲೇ ಗಂಬೂಟು ಕಳಚಿ, ಮೊಣಕಾಲಿನವರೆಗೆ ನೋಡಿಕೊಂಡು, ಅಂಟಿದ ಜಿಗಣೆಗೆ ಉಪ್ಪು ತಾಗಿಸಿ, ರೈನ್‌ಕೋಟನ್ನು ಗಳಕ್ಕೆ ಹಾಕಿ ಒಳಗೆ ಹೋಗುತ್ತೇವೆ. ಅಪ್ಪ ತಮ್ಮ ಹಳೆಯ ಮನೆಯ ಐಮರದ (ಜಗಲಿಯ ಕಂಬಗಳ ನಡುವೆ ಕೂರಲು ಹಾಕುವ ದಪ್ಪ ಮರ) ಹಲಗೆಯನ್ನು ತಂದು ಹಾಕಿಸಿದ್ದಾರೆ. ಬೆಲ್ಲದ ಕಾಫಿಯನ್ನು ಅವರಿಗೆ ಅಲ್ಲಿಗೇ ಕೊಡಬೇಕು.

ಒಂದು ಕಾರಣಕ್ಕೆ ಈ ಬಗೆಯ ಮನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಅದು ಹಗುರ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದಾಗ, ಅತಿಯಾದ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಹಗುರವಾದ ಚೌಕಟ್ಟನ್ನು ಕಂಬಗಳ ಮೇಲೆ ನಿಲ್ಲಿಸಿದ್ದರಿಂದ ನಾವು ಜೆಸಿಬಿ ತರಿಸಿ ಗುಡ್ಡ ಕಡಿಯಬೇಕಾಗಲಿಲ್ಲ. ಡಿಸೆಂಬರ್ ಚಳಿಗೂ ಒಳಗೆ ಬೆಚ್ಚಗಿರುತ್ತದೆ.

ನಮ್ಮಂಥ ಸಣ್ಣ ಬೆಳೆಗಾರರ ಕೈಗೆಟಕುವ ಹಣದಲ್ಲಿ ಇನ್ನೊಮ್ಮೆ ಕಟ್ಟಿದರೂ ಕಿಟ್ ಮನೆಯನ್ನೇ ಕಟ್ಟುತ್ತೇನೆ. ಆದರೆ ಕನಿಷ್ಠ ನಾಲ್ಕಡಿ ಸೂರು, ಕತ್ತರಿಸಿದ ಅಂಚುಗಳಿಗೆ ಸತುವಿನ ಬಣ್ಣ, ಇವೆರಡೂ ಕೊಟೇಶನ್‌ನಲ್ಲಿ ಬರವಣಿಗೆಯಲ್ಲಿ ಇರದಿದ್ದರೆ ಮುಂಗಡ ಕೊಡುವುದಿಲ್ಲ. ಉತ್ತರದ ಗೋಡೆಗೆ ಇನ್ನೂ ಒಂದಡಿಯ ಸೂರೇ ಇದೆ. ಈ ಸಲದ ಕಾಫಿ ಕೊಯ್ಲು ಮುಗಿದ ಮೇಲೆ ಅಲ್ಲಿಗೂ ಜಗಲಿ ಇಳಿಸುತ್ತೇವೆ.