ವಹಾಕಾದಲ್ಲಿ ಗೆಳೆಯರೊಂದಿಗೆ: ಸಂತೆ, ಮೋಲೆ ಹೋಟೆಲು, ಫೋಂಡಾ

ಹ್ಯೂಸ್ಟನ್‌ನಲ್ಲಿ ಕೆಲಸಕ್ಕಿರುವ ನಾವು ನಾಲ್ವರು ಗೆಳತಿಯರು ದಕ್ಷಿಣ ಮೆಕ್ಸಿಕೊದ ವಹಾಕಾ ನಗರದಲ್ಲಿ ಎಂಟು ದಿನ ಇದ್ದೆವು. ನಾನು ಮಂಗಳೂರಿನವಳು, ಮಾಂಸ ತಿನ್ನುತ್ತೇನೆ. ಇನ್ನೊಬ್ಬಳೂ ತಿನ್ನುತ್ತಾಳೆ. ಉಳಿದಿಬ್ಬರಿಗೆ ಮೊಟ್ಟೆ ನಡೆಯುತ್ತದೆ, ಮಾಂಸ ಬೇಡ. ಊಟಕ್ಕೆ ಮೂರು ಬಗೆಯ ಜಾಗಗಳನ್ನು ನೋಡಿದೆವು. ರುಚಿಯ ಜೊತೆಗೆ, ನಾಲ್ವರೂ ಒಂದೇ ಮೇಜಿನಲ್ಲಿ ನೆಮ್ಮದಿಯಾಗಿ ಕೂರಬಹುದೇ ಎನ್ನುವುದೂ ನನಗೆ ಮುಖ್ಯವಾಗಿತ್ತು.

ಮೊದಲನೆಯದು ವೇಯಿಂತೆ ದೆ ನೊವಿಯೆಂಬ್ರೆ ಮಾರುಕಟ್ಟೆಯ ಹೊಗೆ ಓಣಿ. ಎರಡೂ ಬದಿಗೆ ಕೆಂಡದ ಒಲೆಗಳು, ಮೇಲೆ ತೂಗುಹಾಕಿದ ತೆಳ್ಳಗಿನ ಮಾಂಸದ ಹಾಳೆಗಳು. ಮೊದಲು ತರಕಾರಿಯವರ ಹತ್ತಿರ ಈರುಳ್ಳಿ ದಂಟು, ಹಸಿಮೆಣಸು ಕೊಂಡು ಒಲೆಯವರಿಗೆ ಕೊಡಬೇಕು. ಆಮೇಲೆ ತಸಾಹೊ ಎನ್ನುವ ಉಪ್ಪು ಹಾಕಿದ ದನದ ಮಾಂಸವನ್ನೋ ಚೊರಿಸೊ ಎನ್ನುವ ಮಸಾಲೆ ಸಾಸೇಜನ್ನೋ ತೂಕದ ಲೆಕ್ಕದಲ್ಲಿ ಆರಿಸಿದರೆ ಕಣ್ಣೆದುರೇ ಸುಟ್ಟು ಕೊಡುತ್ತಾರೆ. ತೊರ್ತಿಯಾ ಎನ್ನುವ ಮೆಕ್ಕೆಜೋಳದ ತೆಳು ರೊಟ್ಟಿಗೆ ಬೇರೆ ದುಡ್ಡು, ಚಟ್ನಿಗೆ ಬೇರೆ. ಇಬ್ಬರಿಗೆ ಅರ್ಧ ಕಿಲೊ ಸಾಕಾಗಿ ಮಿಕ್ಕಿತು. ಕೆಂಡದಲ್ಲಿ ಮೆತ್ತಗಾದ ಈರುಳ್ಳಿಯ ಸಿಹಿ ಇನ್ನೂ ನಾಲಗೆಯಲ್ಲಿದೆ. ಆದರೆ ಉಳಿದ ಇಬ್ಬರಿಗೆ ಸಿಕ್ಕಿದ್ದು ಪಾಪಾಸುಕಳ್ಳಿಯ ಪಲ್ಯ, ಬೆಣ್ಣೆಹಣ್ಣಿನ ಚಟ್ನಿ, ತೊರ್ತಿಯಾ, ಅಷ್ಟೇ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಬೆನ್ನ ಹಿಂದೆ ಜಾಗಕ್ಕಾಗಿ ಕಾಯುವವರು ನಿಂತಿದ್ದರು. ಇಪ್ಪತ್ತೇ ನಿಮಿಷದಲ್ಲಿ ಎದ್ದೆವು. ಒಮ್ಮೆ ಹೋಗಲೇಬೇಕಾದ ಜಾಗ, ಆದರೆ ಹರಟೆಗಲ್ಲ.

ಎರಡನೆಯದು ಮೋಲೆಗೆಂದೇ, ಅಂದರೆ ಮೆಣಸು ಮಸಾಲೆ ಅರೆದು ಮಾಡುವ ಗಟ್ಟಿ ಸಾರಿಗೆಂದೇ ಇರುವ, ಬಿಳಿ ಮೇಜುಬಟ್ಟೆಯ ಹೋಟೆಲು. ವಹಾಕಾದ ಹೆಸರಾಂತ ಮೋಲೆಗಳು ಏಳು: ನೆಗ್ರೊ, ರೊಹೊ, ಕೊಲೊರಾದಿತೊ, ಅಮರಿಯೊ, ವೆರ್ದೆ, ಚಿಚಿಲೊ, ಮಾಂಚಮಾಂತೆಲೆಸ್. ಇದನ್ನು ಬರೀ ಸಾಸ್ ಎಂದರೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಗಸಿಯ ಹಾಗೆ ಪ್ರತಿ ಸಾಮಾನನ್ನೂ ಬೇರೆ ಬೇರೆಯಾಗಿ ಹುರಿದು, ಅರೆದು, ಕುದಿಸುವ ದೊಡ್ಡ ಕೆಲಸ ಅದು. ಗಸಿಗೆ ಬ್ಯಾಡಗಿ ಮೆಣಸು ಹುರಿಯುವಾಗ ಒಂದು ಕರಕಲಾದರೂ ಅಮ್ಮ ತೆಗೆದು ಬಿಸಾಡುತ್ತಾಳೆ. ಮೋಲೆ ನೆಗ್ರೊದಲ್ಲಿ ಅದು ತಿರುವುಮುರುವು. ವಹಾಕಾ ರಾಜ್ಯದಲ್ಲೇ ಬೆಳೆಯುವ ಚಿಲ್‌ವಾಕ್ಲೆ ಎಂಬ ದುಬಾರಿ ಮೆಣಸನ್ನು ಬೇಕೆಂದೇ ಕಪ್ಪಾಗುವಷ್ಟು ಸುಡುತ್ತಾರೆ, ನೀರಲ್ಲಿ ನೆನೆಸಿ ಕಹಿ ತೆಗೆಯುತ್ತಾರೆ, ಕೊನೆಗೆ ಚಾಕೊಲೇಟ್ ಸೇರಿಸುತ್ತಾರೆ. ತಟ್ಟೆಯಲ್ಲಿ ಅದು ಎಣ್ಣೆ ಹಚ್ಚಿದ ಕಪ್ಪು ಕಲ್ಲಿನಂತೆ ಹೊಳೆಯುತ್ತಿತ್ತು. ಮೊದಲು ತುಸು ಸಿಹಿ, ಹಿಂದೆಯೇ ಹೊಗೆ, ನಾಲಗೆಯ ಬುಡದಲ್ಲಿ ಕಹಿ, ನುಂಗಿದ ಮೇಲೆ ನಿಧಾನಕ್ಕೆ ಏರುವ ಖಾರ. ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ರುಚಿ ನನಗೆ ಸಿಗಲಿಲ್ಲ.

ಆದರೂ ಆ ಊಟ ಕೆಟ್ಟಿತು. ತರಕಾರಿ ಹಾಕಿದ ಮೋಲೆ ಇದೆ ಎಂದು ಹೇಳಿಯೇ ತಂದಿಟ್ಟಿದ್ದರು. ಎರಡು ಚಮಚ ತಿಂದ ಮೇಲೆ ನನ್ನ ಗೆಳತಿಗೆ ಅನುಮಾನ ಬಂದು ಕೇಳಿದಾಗ, ಬಡಿಸುವವರು ಒಳಗೆ ವಿಚಾರಿಸಿ ಬಂದು, ತಳಕ್ಕೆ ಕೋಳಿ ಸಾರೇ ಹಾಕಿರುವುದು ಎಂದರು. ಅವಳು ಏನೂ ಅನ್ನದೆ ಚಮಚ ಕೆಳಗಿಟ್ಟಳು. ತಲಾ 380 ಪೆಸೊ ಕೊಟ್ಟು, ಒಬ್ಬಳು ಹಸಿದುಕೊಂಡೇ ಎದ್ದ ಮೇಜು ಅದು. ಮೋಲೆಗೆ ಕೋಳಿ ಸಾರು, ಹಂದಿಕೊಬ್ಬು ಬಳಸುವುದು ಅಲ್ಲಿ ಮಾಮೂಲು. ಆರ್ಡರ್ ಕೊಡುವ ಮೊದಲೇ 'ಸಿನ್ ಕಾಲ್ದೊ ದೆ ಪೊಯೊ, ಸಿನ್ ಮಾಂತೆಕಾ' ಎಂದು ಕೇಳಿಬಿಡಿ. ಕೋಳಿ ಸಾರು ಬೇಡ, ಕೊಬ್ಬು ಬೇಡ ಎಂದರ್ಥ.

ಮೂರನೆಯದು ಫೋಂಡಾ. ಮನೆಯಂಥ ಸಣ್ಣ ಖಾನಾವಳಿ, ಆರು ಮೇಜು, ಮಧ್ಯಾಹ್ನದ ಊಟ ಮಾತ್ರ. ಅದಕ್ಕೆ ಕೊಮಿದಾ ಕೊರ್ರಿದಾ ಎನ್ನುತ್ತಾರೆ. ಮೊದಲು ನೀರಾದ ಸೂಪು, ಆಮೇಲೆ 'ಒಣ ಸೂಪು' ಎಂಬ ಹೆಸರಲ್ಲಿ ಅನ್ನ, ನಂತರ ಮುಖ್ಯ ಅಡುಗೆ, ಜೊತೆಗೆ ಕಾಳು, ತೊರ್ತಿಯಾ, ಒಂದು ಹೂಜಿ ಶರಬತ್ತು. ನಾವು ಕೊಟ್ಟದ್ದು ತಲಾ 110 ಪೆಸೊ. ಮೊದಲ ದಿನ ಅನ್ನ ಬಂದಾಗ, ಕಲಸಿಕೊಳ್ಳಲು ಏನಾದರೂ ಬರುತ್ತದೆಂದು ನಾಲ್ವರೂ ಕೈಕಟ್ಟಿ ಕಾದೆವು. ಅಡುಗೆಯಾಕೆ ಬಂದು, ಆರಿಹೋಗುತ್ತದೆ ತಿನ್ನಿ ಎಂದು ಕೈಸನ್ನೆ ಮಾಡಿದರು.

ಇಲ್ಲಿ ಒಲೆ ಮೇಜಿನಿಂದ ನಾಲ್ಕು ಹೆಜ್ಜೆ. ಯಾವ ಪಾತ್ರೆಯಲ್ಲಿ ಏನಿದೆ ಎಂದು ಮಾಡಿದವರನ್ನೇ ಕೇಳಬಹುದು. ಕಾಳಿಗೆ ಕೊಬ್ಬು ಹಾಕಿದ್ದೇನೆ, ನಾಳೆ ನಿಮಗೆ ಬೇರೆ ತೆಗೆದಿಡುತ್ತೇನೆ ಎಂದು ಆಕೆ ಹೇಳಿದರು, ಹಾಗೇ ಮಾಡಿದರು. ಮರುದಿನ ಅವರಿಬ್ಬರಿಗೆ ಚೀಸ್ ತುಂಬಿದ ದೊಣ್ಣೆಮೆಣಸಿನಂಥ ಮೆಣಸು, ನನಗೆ ಹಸಿರು ಮೋಲೆಯಲ್ಲಿ ಕೋಳಿ. ಸೂಪಿನಲ್ಲಿದ್ದ ತಿಳಿಹಸಿರು ಹೋಳು ಬಾಯಿಗಿಟ್ಟ ಕೂಡಲೇ ಗುರುತು ಸಿಕ್ಕಿತು, ಸೀಮೆಬದನೆ! ಚಯೋತೆ ಎಂಬ ಹೆಸರಿನ ಅದಕ್ಕೆ ತವರು ಇದೇ ಸೀಮೆ. ಶರಬತ್ತಂತೂ ಹುಣಸೆಹಣ್ಣಿನದು. ತೊರ್ತಿಯಾದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಾರೆ, ಅದಕ್ಕೇ ಅದಕ್ಕೊಂದು ಮಣ್ಣಿನ ಘಮ.

ಊಟ ಮುಗಿದರೂ ಯಾರೂ ಎಬ್ಬಿಸುವುದಿಲ್ಲ. ಉಂಡ ಮೇಜಿನಲ್ಲೇ ಕೂತು ಮಾತಾಡುವುದಕ್ಕೆ ಅವರಲ್ಲಿ ಸೊಬ್ರೆಮೆಸಾ ಎಂಬ ಹೆಸರೇ ಇದೆ. 'ಲಾ ಕ್ವೆಂತಾ' ಎಂದು ನೀವಾಗಿ ಕೇಳುವ ತನಕ ಬಿಲ್ಲು ಬರದು. ಪಕ್ಕದ ಮೇಜಿನವರು ಎದ್ದು ಹೋಗುವಾಗ ನಮ್ಮತ್ತ ತಿರುಗಿ 'ಪ್ರೊವೆಚೊ' ಎಂದು ಹರಸುತ್ತಾರೆ. ಕೆಲಸದ ಊರಿನಲ್ಲಿ ವರ್ಷಗಟ್ಟಲೆ ಹೇಳದೆ ಉಳಿಸಿಕೊಂಡಿದ್ದ ಎಷ್ಟೋ ಸಂಗತಿಗಳನ್ನು ಆ ಮೇಜಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಒಂಟಿಯಾಗಿ ಹೋದರೆ ನಾನು ಮೋಲೆ ಹೋಟೆಲಿಗೇ ಹೋಗುತ್ತೇನೆ. ಗೆಳತಿಯರಿದ್ದರೆ ಫೋಂಡಾ, ಎರಡು ಮಾತಿಲ್ಲ. ಎಂಟರಲ್ಲಿ ಐದು ದಿನ ಅಲ್ಲೇ ಉಂಡೆವು. ಎರಡೂವರೆಯೊಳಗೆ ಹೋಗಿ. ನಾಲ್ಕಕ್ಕೆ ಹೋದ ದಿನ ನಮಗೆ ಸಿಕ್ಕಿದ್ದು ಅನ್ನ, ಕಾಳು ಮತ್ತು ತಳ ಹಿಡಿದ ಅರ್ಧ ಬಟ್ಟಲು ಸೂಪು.