ಅಲೆಯಾಡುವ ಪರದೆಗೆ ಮೂರು ಮದ್ದು: ಎಲ್‌ಸಿಡಿ, ಹೊಸ ಕೆಪಾಸಿಟರ್, ಟಿವಿ ಟ್ಯೂಬ್

ನನ್ನ ಹತ್ತಿರ 1981ರ ಗ್ಯಾಲಗಾ ಆಟದ ಹಳೆ ಕ್ಯಾಬಿನೆಟ್ ಇದೆ, ಅಂದರೆ ನಾಣ್ಯ ಹಾಕಿ ನಿಂತು ಆಡುವ ವಿಡಿಯೋ ಗೇಮ್ ಪೆಟ್ಟಿಗೆ. ಮರ, ಬಣ್ಣ, ಜಾಯ್‌ಸ್ಟಿಕ್ ಎಲ್ಲ ಬೇಗ ಸರಿಹೋದವು. ತಲೆ ತಿಂದದ್ದು ಮಾನಿಟರ್. ಚಿತ್ರದ ಅಂಚು ಅಲೆಯಾಡುತ್ತಿತ್ತು. ಒಂದು ಪಕ್ಕ ಮಡಚಿಕೊಂಡಿತ್ತು. ಸಾಲದ್ದಕ್ಕೆ ಸ್ಕೋರಿನ ಅಕ್ಷರಗಳು ಪರದೆಯಲ್ಲಿ ಸುಟ್ಟು ಕೂತಿದ್ದವು, ಆಫ್ ಮಾಡಿದರೂ ಓದಬಹುದಿತ್ತು.

ಮೊದಲು ಹಿಡಿದದ್ದು ಸೋಮಾರಿಯ ದಾರಿ, ಎಲ್‌ಸಿಡಿ. ಆಟದ ಬೋರ್ಡ್ ಕೊಡುವ ಸಿಗ್ನಲ್ ಸುಮಾರು 15.7 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಸುಮಾರು 15,700 ಅಡ್ಡಗೆರೆ. ಮಾಮೂಲಿ ಕಂಪ್ಯೂಟರ್ ಮಾನಿಟರ್ ಕೇಳುವುದು 31ರ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಹಾಗಾಗಿ ನಡುವೆ ಒಂದು ಕನ್ವರ್ಟರ್ ಬೋರ್ಡ್ ಬೇಕು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಆದರೆ ಗ್ಯಾಲಗಾ ಕಪ್ಪು ಆಕಾಶದ ಆಟ, ಅಲ್ವಾ? ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತು. 224×288 ಚುಕ್ಕೆಗಳ ಚಿತ್ರ ಹಿಗ್ಗಿ ಮಂಕಾಯಿತು. ಈ ಆಟಕ್ಕೆ ಪರದೆಯನ್ನು ಉದ್ದಕ್ಕೆ ನಿಲ್ಲಿಸಬೇಕು. ಟಿಎನ್ ಅನ್ನುವ ಅಗ್ಗದ ಬಗೆಯ ಎಲ್‌ಸಿಡಿ ಪ್ಯಾನೆಲ್ಲನ್ನು ಹಾಗೆ ತಿರುಗಿಸಿದರೆ ಪಕ್ಕದಲ್ಲಿ ನಿಂತವರಿಗೆ ಬಣ್ಣವೇ ಬೇರೆ. ಬಟನ್ ಒತ್ತಿದಾಗ ಗುಂಡು ಕೂಡ ಚೂರು ತಡವಾಗಿ ಹೊರಡುತ್ತದೆ ಅನಿಸಿತು. ಒಂದು ವಾರದಲ್ಲೇ ಬಿಚ್ಚಿಟ್ಟೆ.

ಎರಡನೆಯದು, ಹಳೆ ಮಾನಿಟರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ, ಅಂದರೆ ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳನ್ನೆಲ್ಲ, ಬದಲಿಸುವುದು. ಇವುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಅಲೆ, ಮಡಿಕೆ ಎರಡಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಇಲ್ಲಿ ಜೀವಭಯ ಇರುವುದು ನಿಜ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಉದ್ದನೆಯ ಸ್ಕ್ರೂಡ್ರೈವರಿಗೆ ವಯರ್ ಸುತ್ತಿ, ವಯರಿನ ಇನ್ನೊಂದು ತುದಿಯನ್ನು ಮಾನಿಟರಿನ ಲೋಹದ ಚೌಕಟ್ಟಿಗೆ ಕಚ್ಚಿಸಿ, ಟ್ಯೂಬಿಗೆ ಹೈ ವೋಲ್ಟೇಜ್ ವಯರ್ ಸೇರುವ ಕಡೆಯ ರಬ್ಬರ್ ಟೋಪಿಯ ಕೆಳಗೆ ತೂರಿಸಿದೆ. ಇನ್ನೊಂದು ಕೈ ಬೆನ್ನ ಹಿಂದೆ. ಟಪ್ ಅಂತ ಸದ್ದು ಬಂತು. ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ಆಮೇಲಿನದು ತಾಳ್ಮೆಯ ಕೆಲಸ: ಒಂದನ್ನು ಬಿಚ್ಚು, ಒಂದನ್ನು ಹಾಕು, ಮೈನಸ್ ಪಟ್ಟಿ ಯಾವ ಕಡೆ ಅಂತ ಎರಡು ಸಲ ನೋಡು. ನಾನು ಒಂದನ್ನು ತಿರುಗಾಮುರುಗಾ ಹಾಕಿದ್ದೆ. ಕರೆಂಟ್ ಕೊಡುವ ಮೊದಲೇ ಕಣ್ಣಿಗೆ ಬಿತ್ತು, ಪುಣ್ಯ. ಸ್ವಿಚ್ ಹಾಕಿದಾಗ ಚಿತ್ರ ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಕಪ್ಪು ಕಪ್ಪಾಗಿಯೇ ಇತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಸುಟ್ಟ ಅಕ್ಷರ ಕಣ್ಣಿಗೆ ಚುಚ್ಚುತ್ತಿತ್ತು ಅಂತ ಮೂರನೆಯದಕ್ಕೂ ಕೈ ಹಾಕಿದೆ. ಹಳೆ ಟಿವಿಯ ಅದೇ ಅಳತೆಯ ಟ್ಯೂಬ್ ತಂದೆ. ಸಾಕೆಟ್ ಹೊಂದಿತು, ಟಿವಿಯ ಯೋಕ್ (ಟ್ಯೂಬಿನ ಕತ್ತಿಗೆ ತೊಡಿಸಿ, ಚಿತ್ರ ಬಿಡಿಸುವ ಕಿರಣಗಳನ್ನು ಓಡಾಡಿಸುವ ತಂತಿಸುರುಳಿ) ಹೊಂದಲಿಲ್ಲ. ಹಳೆ ಟ್ಯೂಬಿನ ಯೋಕನ್ನೇ ಕಳಚಿ ಇದಕ್ಕೆ ತೊಡಿಸಿದೆ. ಕೆಂಪು, ಹಸಿರು, ನೀಲಿ ಮೂರೂ ದಿಕ್ಕಾಪಾಲು! ಮೂರನ್ನೂ ಒಂದೇ ಜಾಗಕ್ಕೆ ಕೂರಿಸಲು ಮೂರು ಸಂಜೆ ಟ್ಯೂಬಿನ ಕತ್ತಿನ ಮ್ಯಾಗ್ನೆಟ್ ಬಳೆಗಳನ್ನು ತಿರುಗಿಸುತ್ತ ಕೂತೆ. ನಡುಭಾಗ ಸರಿಹೋಯಿತು, ಮೂಲೆಗಳಲ್ಲಿ ಇನ್ನೂ ಕೆಂಪು ನೆರಳು. ಹೊಳಪಂತೂ ಮೂರರಲ್ಲಿ ಇದರದ್ದೇ ಮೇಲು.

ಚಿತ್ರ ಬರುತ್ತಿದ್ದು ಸುಮ್ನೆ ಅಲೆಯಾಡುತ್ತಿದ್ದರೆ ಕೆಪಾಸಿಟರ್ ಬದಲಿಸಿ. ಟ್ಯೂಬೇ ಸತ್ತಿದ್ದರೆ, ಅಥವಾ ಒಳಗೆ ಕೈ ಹಾಕುವ ಧೈರ್ಯ ಇಲ್ಲದಿದ್ದರೆ ಎಲ್‌ಸಿಡಿ; ಅದರಲ್ಲಿ ನಾಚಿಕೆ ಏನಿಲ್ಲ. ಟ್ಯೂಬ್ ಬದಲಿಸುವ ಮುಂಚೆ ಮಾತ್ರ ಒಮ್ಮೆ ಆಟ ಆನ್ ಮಾಡಿ ನೋಡಿ. ಅದೇ ಆಟ ಓಡುವಾಗ ಸ್ಕೋರಿನ ಅಕ್ಷರಗಳು ಸುಟ್ಟ ಗುರುತಿನ ಮೇಲೆಯೇ ಬಂದು ಕೂರುತ್ತವೆ, ಗುರುತು ಕಾಣುವುದೇ ಇಲ್ಲ. ನನಗೆ ಇದು ಹೊಳೆದದ್ದು ಯೋಕ್ ಕಳಚಿದ ಮೇಲೆ. ಈಗ ಹಳೆ ಟ್ಯೂಬಿಗೆ ವಾಪಸ್ ಹೋಗಬೇಕೆಂದರೆ ಆ ಬಳೆಗಳನ್ನು ಮತ್ತೆ ತಿರುಗಿಸುತ್ತ ಕೂರಬೇಕು. ಆ ಹಳೆ ಟ್ಯೂಬನ್ನು ಹೊದಿಕೆ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ.